ಹತ್ತೊಂಬತ್ತು – ಹದಿನೆಂಟು

ಆಟದ ಅಂಗಳದ ಒಂದು ಪಕ್ಕದಲ್ಲಿ ಮೇಜಿನ ಮುಂದೆ ಕುಳಿತು ಬರೆಯುತ್ತಿರುವ ಮನುಷ್ಯನ ಕಡೆಗೆ ನೋಡುವವರು ವಿರಳ. ಪ್ರೇಕ್ಷಕರ ಕಣ್ಣೆಲ್ಲ ಚೆಂಡಿನ ಮೇಲೆ. ಆತನಿಗಾದರೋ ಒಂದು ಕಣ್ಣು ಚೆಂಡಿನ ಮೇಲಿರಬೇಕು, ಇನ್ನೊಂದು ಪುಸ್ತಕದ ಮೇಲಿರಬೇಕು. ಚೆಂಡನ್ನು ಬುಟ್ಟಿಗೆ ಹಾಕಿದವರು ಯಾರು, ನಿಯಮ ಮೀರಿ ಎದುರಾಳಿಯನ್ನು ತಡೆದವರು ಯಾರು ಎಂಬುದನ್ನೆಲ್ಲ ಆತ ಆಗಿಂದಾಗಲೇ ಗುರುತು ಹಾಕಿಕೊಳ್ಳುತ್ತ ಹೋಗುತ್ತಾನೆ. ಆಟ ಮುಗಿಯುತ್ತದೆ, ಜನ ಚದುರುತ್ತಾರೆ, ಚಪ್ಪಾಳೆಯ ಸದ್ದು ಅಡಗುತ್ತದೆ, ವರ್ಷಗಳು ಉರುಳಿ ಆಡಿದವರೂ ನೋಡಿದವರೂ ಇಲ್ಲವಾಗುತ್ತಾರೆ. ಆ ಒಂದು ಹಾಳೆ ಮಾತ್ರ ಉಳಿದುಕೊಳ್ಳುತ್ತದೆ.

ಬ್ಯಾಸ್ಕೆಟ್‌ಬಾಲ್ ಆಟದ ಚರಿತ್ರೆಯಲ್ಲಿ ಅಂಥ ಹಾಳೆಯೊಂದು ಬಹಳ ಪ್ರಸಿದ್ಧವಾಗಿದೆ. ಅದು 1950ನೆಯ ಇಸವಿ ನವೆಂಬರ್ 22ರಂದು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ನಡೆದ ಒಂದು ಪಂದ್ಯದ ಅಂಕಪಟ್ಟಿ. ಸಾಮಾನ್ಯವಾಗಿ ದಾಖಲೆಗಳು ದೊಡ್ಡ ಸಂಖ್ಯೆಗಳಿಂದ ಹುಟ್ಟುತ್ತವೆ. ಈ ಹಾಳೆ ಹೆಸರಾದದ್ದು ಸಂಖ್ಯೆಗಳ ಬಡತನದಿಂದ.

ಹಾಳೆಯನ್ನು ಓದುವ ಮೊದಲು ಆಟದ ಹಿನ್ನೆಲೆಯನ್ನು ಸ್ವಲ್ಪ ತಿಳಿದಿರಬೇಕು. 1891ರ ಡಿಸೆಂಬರ್ ತಿಂಗಳಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕರು ಈ ಆಟವನ್ನು ರೂಪಿಸಿದರು. ಹೊರಗೆ ಕೊರೆಯುವ ಚಳಿ. ಒಳಗೆ ಹುರುಪಿನ ಹುಡುಗರು. ಅವರನ್ನು ಸೂರಿನಡಿಯಲ್ಲೇ ಆಡಿಸಬೇಕಾಗಿತ್ತು. ನೈಸ್ಮಿತ್ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿ, 13 ನಿಯಮಗಳನ್ನು ಬರೆದು, ಪಕ್ಷಕ್ಕೆ ಒಂಬತ್ತು ಮಂದಿಯಂತೆ ಹುಡುಗರನ್ನು ಇಳಿಸಿದರು. ಆ ಮೊಟ್ಟಮೊದಲ ಆಟದಲ್ಲಿ ಚೆಂಡು ಬುಟ್ಟಿಗೆ ಬಿದ್ದದ್ದು ಒಂದೇ ಒಂದು ಸಲ.

ಕಾಲಾನುಕ್ರಮದಲ್ಲಿ ಆಟ ಬೆಳೆಯಿತು. ಪಕ್ಷಕ್ಕೆ ಐವರು ಎಂದಾಯಿತು. ಬುಟ್ಟಿಯ ಜಾಗಕ್ಕೆ ಕಬ್ಬಿಣದ ಬಳೆ ಬಂದಿತು. ಹಣಕ್ಕಾಗಿ ಆಡುವ ವೃತ್ತಿ ತಂಡಗಳು ಹುಟ್ಟಿಕೊಂಡವು. 1946ರಲ್ಲಿ ದೊಡ್ಡ ನಗರಗಳ ತಂಡಗಳು ಸೇರಿ ಒಂದು ಲೀಗನ್ನು ಕಟ್ಟಿಕೊಂಡವು. ಆ ವರ್ಷ ನವೆಂಬರ್ 1ರಂದು ಕೆನಡಾದ ಟೊರಾಂಟೊದಲ್ಲಿ ನಡೆದ ಅದರ ಪ್ರಥಮ ಪಂದ್ಯದಲ್ಲಿ ನ್ಯೂಯಾರ್ಕ್ ತಂಡ ಟೊರಾಂಟೊ ತಂಡವನ್ನು 68–66 ಅಂಕಗಳಿಂದ ಸೋಲಿಸಿತು. 1949ರಲ್ಲಿ ಈ ಲೀಗೂ ಅದಕ್ಕಿಂತ ಹಳೆಯದಾದ ಇನ್ನೊಂದು ಲೀಗೂ ಒಂದಾಗಿ ‘ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್’ ಎಂಬ ಹೆಸರು ತಾಳಿದವು. ಅಂಕಗಳ ಲೆಕ್ಕ ಆಗ ಸರಳವಾಗಿತ್ತು. ಆಟದ ನಡುವೆ ಹಾಕಿದ ಬುಟ್ಟಿಗೆ ಎರಡು ಅಂಕ. ಎದುರಾಳಿ ಫೌಲ್ ಮಾಡಿದಾಗ ದೊರೆಯುವ, ಯಾರ ಅಡ್ಡಿಯೂ ಇಲ್ಲದೆ ಗೆರೆಯ ಹಿಂದೆ ನಿಂತು ಎಸೆಯುವ ಫ್ರೀ ಥ್ರೋಗೆ ಒಂದು ಅಂಕ. ದೂರದಿಂದ ಹಾಕಿದರೆ ಮೂರು ಅಂಕ ಎಂಬ ನಿಯಮ ಈ ಲೀಗಿಗೆ ಬಂದದ್ದು 1979ರಲ್ಲಿ.

ಆ ಕಾಲದಲ್ಲಿ ಲೀಗಿನ ಎಲ್ಲ ತಂಡಗಳಿಗೂ ಸಿಂಹಸ್ವಪ್ನವಾಗಿದ್ದುದು ಮಿನಿಯಾಪೊಲಿಸ್ ಲೇಕರ್ಸ್ ತಂಡ. ಮಿನೆಸೋಟ ರಾಜ್ಯ ಸರೋವರಗಳ ನಾಡಾದುದರಿಂದ ತಂಡಕ್ಕೆ ಆ ಹೆಸರು. 1949 ಮತ್ತು 1950ರಲ್ಲಿ ಚಾಂಪಿಯನ್ ಪದವಿ ಅವರದೇ ಆಗಿತ್ತು. ತಮ್ಮ ಊರಿನ ಅಂಗಳದಲ್ಲಂತೂ ಸತತವಾಗಿ 29 ಪಂದ್ಯಗಳನ್ನು ಗೆದ್ದು ಅವರು ಬೀಗುತ್ತಿದ್ದರು. ಈ ಗೆಲುವುಗಳ ಹಿಂದೆ ನಿಂತಿದ್ದವನು ಜಾರ್ಜ್ ಮೈಕನ್.

ಮೈಕನ್‌ನ ಎತ್ತರ 6 ಅಡಿ 10 ಅಂಗುಲ. ಕಣ್ಣಿಗೆ ದಪ್ಪ ಗಾಜಿನ ಕನ್ನಡಕ. ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1924ರಲ್ಲಿ ಹುಟ್ಟಿದ ಈತನ ನಡಿಗೆ ಹುಡುಗನಾಗಿದ್ದಾಗ ಎಷ್ಟು ಒರಟೊರಟಾಗಿತ್ತೆಂದರೆ, ಇವನು ಮುಂದೆ ಆಟಗಾರನಾಗುತ್ತಾನೆಂದು ಹೆಚ್ಚು ಮಂದಿ ನಂಬಿರಲಾರರು. ಡಿಪಾಲ್ ವಿಶ್ವವಿದ್ಯಾಲಯದಲ್ಲಿ ರೇ ಮೇಯರ್ ಎಂಬ ತರಬೇತುದಾರ ಅವನನ್ನು ಕೈಗೆತ್ತಿಕೊಂಡ. ಹಗ್ಗದಾಟ ಆಡಿಸಿದ, ಕಾಲು ಹಗುರವಾಗಲೆಂದು ನೃತ್ಯವನ್ನೂ ಕಲಿಸಿದ, ಬುಟ್ಟಿಯ ಕೆಳಗೆ ನಿಲ್ಲಿಸಿ ಒಮ್ಮೆ ಬಲಗೈಯಿಂದ ಒಮ್ಮೆ ಎಡಗೈಯಿಂದ ನೂರಾರು ಸಲ ಚೆಂಡು ಹಾಕಿಸಿದ. ಆ ಅಭ್ಯಾಸಕ್ಕೆ ಮೈಕನ್‌ನ ಹೆಸರೇ ನಿಂತುಬಿಟ್ಟಿದೆ. ಬುಟ್ಟಿಯ ಬಳಿ ಬೆನ್ನು ತಿರುಗಿಸಿ ನಿಂತು, ಚೆಂಡು ಕೈಗೆ ಬಂದೊಡನೆ ಗಿರ್ರನೆ ತಿರುಗಿ ಹಾಕುತ್ತಿದ್ದ ಅವನನ್ನು ತಡೆಯುವುದು ಯಾರ ಕೈಯಲ್ಲೂ ಆಗುತ್ತಿರಲಿಲ್ಲ. 1950–51ರ ಋತುವಿನಲ್ಲಿ ಆತನ ಸರಾಸರಿ ಪಂದ್ಯಕ್ಕೆ 28.4 ಅಂಕ, ಲೀಗಿನಲ್ಲೇ ಅತಿ ಹೆಚ್ಚು.

ಆ ನವೆಂಬರ್ ದಿನ ಲೇಕರ್ಸ್‌ಗೆ ಎದುರಾಗಿ ಬಂದದ್ದು ಇಂಡಿಯಾನ ರಾಜ್ಯದ ಫೋರ್ಟ್ ವೇನ್ ಪಿಸ್ಟನ್ಸ್. ತಂಡದ ಒಡೆಯ ಫ್ರೆಡ್ ಜೋಲ್ನರ್‌ನ ಕಾರ್ಖಾನೆಯಲ್ಲಿ ಎಂಜಿನ್ನುಗಳ ಪಿಸ್ಟನ್ ತಯಾರಾಗುತ್ತಿತ್ತು. ಹೆಸರು ಬಂದದ್ದು ಅಲ್ಲಿಂದ. ತರಬೇತುದಾರ ಮರ್ರೆ ಮೆಂಡೆನ್‌ಹಾಲ್. ಮೈಕನ್ ಇರುವ ತಂಡವನ್ನು ಅದರ ಮನೆಯಂಗಳದಲ್ಲೇ ಮಣಿಸುವುದು ಹೇಗೆಂದು ಅವನು ಯೋಚಿಸಿದ. ಎಸೆದ ಚೆಂಡು ಗುರಿತಪ್ಪಿದರೆ ಅದು ಮೈಕನ್‌ನ ಕೈ ಸೇರುವುದೇ ಹೆಚ್ಚು. ಹಾಗಿದ್ದ ಮೇಲೆ ಎಸೆಯುವುದಾದರೂ ಏಕೆ? ಚೆಂಡು ನಮ್ಮ ಕೈಯಲ್ಲಿರುವ ತನಕ ಮೈಕನ್‌ನ ಎತ್ತರದಿಂದ ಲೇಕರ್ಸ್‌ಗೆ ಏನು ಲಾಭ? ಇಷ್ಟು ಸಮಯದೊಳಗೆ ಎಸೆಯಲೇಬೇಕು ಎಂಬ ನಿಯಮ ಆಗ ಇರಲಿಲ್ಲ.

ಪಂದ್ಯ ಪ್ರಾರಂಭವಾಯಿತು. ಮಿನಿಯಾಪೊಲಿಸ್ ಆಡಿಟೋರಿಯಂನಲ್ಲಿ ಅಂದು 7,021 ಮಂದಿ ಪ್ರೇಕ್ಷಕರಿದ್ದರು. ಪಿಸ್ಟನ್ಸ್ ಆಟಗಾರರು ಚೆಂಡನ್ನು ತಂದು ಅಂಗಳದ ನಡುಭಾಗದಲ್ಲಿ ನಿಲ್ಲುವರು, ಒಬ್ಬರಿಂದೊಬ್ಬರಿಗೆ ದಾಟಿಸುವರು, ಮತ್ತೆ ನಿಲ್ಲುವರು. ಲೇಕರ್ಸ್ ಆಟಗಾರರು ತಮ್ಮ ಬುಟ್ಟಿಯನ್ನು ಬಿಟ್ಟು ಮುಂದೆ ಬರಲೊಲ್ಲರು. ಬಂದರೆ ಬುಟ್ಟಿಯ ಕಾವಲು ಸಡಿಲವಾಗುತ್ತದೆ. ಇವರು ಬರಲಿ ಎಂದು ಅವರು, ಅವರು ಎಸೆಯಲಿ ಎಂದು ಇವರು, ಹೀಗೆ ಹತ್ತು ಮಂದಿ ದೃಢಕಾಯರು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಗಡಿಯಾರ ಮಾತ್ರ ತನ್ನ ಕೆಲಸ ಬಿಡಲಿಲ್ಲ. ಜನ ಕೂಗಿದರು, ಕಾಲಿನಿಂದ ನೆಲ ಒದ್ದರು, ಛೀಮಾರಿ ಹಾಕಿದರು. ಕೆಲವರು ವೃತ್ತಪತ್ರಿಕೆ ತೆರೆದು ಓದತೊಡಗಿದರೆಂದೂ ಹೇಳುತ್ತಾರೆ.

12 ನಿಮಿಷಗಳ ಮೊದಲ ಅವಧಿ ಮುಗಿದಾಗ ಪಿಸ್ಟನ್ಸ್ 8, ಲೇಕರ್ಸ್ 7. ಅರ್ಧ ಪಂದ್ಯಕ್ಕೆ ಲೇಕರ್ಸ್ 13–11ರಿಂದ ಮುಂದಿತ್ತು. ಮೂರನೆಯ ಅವಧಿಯ ಅಂತ್ಯಕ್ಕೆ ಅಂತರ ಒಂದೇ ಅಂಕ: 17–16. ಕಡೆಯ ಅವಧಿಯಲ್ಲಿ ಲೇಕರ್ಸ್‌ಗೆ ದಕ್ಕಿದ್ದು ಒಂದು ಅಂಕ, ಪಿಸ್ಟನ್ಸ್‌ಗೆ ಮೂರು. ಲೇಕರ್ಸ್ 18–17ರಿಂದ ಮುಂದಿದ್ದಾಗ, ಆಟ ಮುಗಿಯಲು ಹತ್ತು ಸೆಕೆಂಡುಗಳೂ ಉಳಿದಿರಲಿಲ್ಲ. ಪಿಸ್ಟನ್ಸ್ ತಂಡದ ಲ್ಯಾರಿ ಫೌಸ್ಟ್, ಅದೇ ವರ್ಷ ವೃತ್ತಿ ಆಟಕ್ಕೆ ಕಾಲಿಟ್ಟಿದ್ದ ಹೊಸಬ, ಮೈಕನ್‌ನ ಚಾಚಿದ ತೋಳಿನ ಮೇಲಿಂದ ಚೆಂಡನ್ನು ಬುಟ್ಟಿಗೆ ಹಾಕಿಯೇಬಿಟ್ಟ. 19–18. ಲೇಕರ್ಸ್‌ಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮನೆಯಂಗಳದ ಗೆಲುವಿನ ಸರಣಿ ಅಲ್ಲಿಗೆ ಮುರಿಯಿತು.

ಈಗ ಹಾಳೆಯ ಕಡೆಗೆ ಬರೋಣ. ಪಿಸ್ಟನ್ಸ್ ತಂಡ 48 ನಿಮಿಷಗಳಲ್ಲಿ ಬುಟ್ಟಿಯತ್ತ ಎಸೆದದ್ದು 13 ಸಲ, ಬಿದ್ದದ್ದು 4. ಲೇಕರ್ಸ್ ಎಸೆದದ್ದು 18 ಸಲ. ಬಿದ್ದದ್ದು ಅವರದೂ 4. ಎರಡೂ ಕಡೆಯ ಬುಟ್ಟಿಗಳನ್ನು ಕೂಡಿಸಿದರೆ 8 ಬುಟ್ಟಿ, ಅಂದರೆ 16 ಅಂಕ. ಪಂದ್ಯದ ಒಟ್ಟು ಅಂಕ 37. ಉಳಿದ 21 ಅಂಕಗಳು ಬಂದದ್ದು ಫ್ರೀ ಥ್ರೋಗಳಿಂದ: ಪಿಸ್ಟನ್ಸ್‌ಗೆ 11, ಲೇಕರ್ಸ್‌ಗೆ 10. ಆಡುವಾಗ ಗಳಿಸಿದ್ದಕ್ಕಿಂತ ಆಟ ನಿಂತಾಗ ಗಳಿಸಿದ್ದೇ ಹೆಚ್ಚು. ಎರಡು ತಂಡಗಳ ನಡುವಿನ ಅಂತರವೂ ಆ ಒಂದು ಫ್ರೀ ಥ್ರೋನಲ್ಲೇ ಇದೆ.

ಇನ್ನು ಆಟಗಾರರ ಹೆಸರುಗಳ ಮುಂದಿನ ಸಂಖ್ಯೆಗಳು. ಲೇಕರ್ಸ್ ತಂಡದಲ್ಲಿ ಜಿಮ್ ಪೊಲಾರ್ಡ್, ವರ್ನ್ ಮಿಕೆಲ್ಸನ್, ಸ್ಲೇಟರ್ ಮಾರ್ಟಿನ್ ಮುಂತಾದ ಹೆಸರಾಂತ ಆಟಗಾರರಿದ್ದರು. ಆದರೆ ಆ ದಿನ ತಂಡದ ನಾಲ್ಕು ಬುಟ್ಟಿಗಳೂ ಮೈಕನ್‌ನವೇ. ಅವುಗಳಿಂದ 8, ಫ್ರೀ ಥ್ರೋಗಳಿಂದ 7, ಒಟ್ಟು 15 ಅಂಕ. ಉಳಿದವರೆಲ್ಲ ಸೇರಿ ಗಳಿಸಿದ್ದು 3. ಅದೂ ಫ್ರೀ ಥ್ರೋಗಳಿಂದ. ತಂಡದ 18 ಅಂಕಗಳಲ್ಲಿ 15 ಎಂದರೆ ಶೇಕಡಾ 83ಕ್ಕೂ ಮಿಗಿಲು. ಮುಂದೆ 1962ರಲ್ಲಿ ವಿಲ್ಟ್ ಚೇಂಬರ್ಲೇನ್ ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿ ಲೋಕವನ್ನೇ ಬೆರಗುಗೊಳಿಸಿದ. ಆದರೆ ಅಂದು ಅವನ ತಂಡದ ಮೊತ್ತ 169. ಅವನ ಪಾಲು ಶೇಕಡಾ 60ಕ್ಕಿಂತ ಕಡಿಮೆ. ತಂಡದ ಹೊರೆಯನ್ನು ಒಬ್ಬನೇ ಹೊರುವ ಮಾತಿನಲ್ಲಿ ಮೈಕನ್‌ನ 15 ಅಂಕ ಚೇಂಬರ್ಲೇನನ ನೂರನ್ನು ಮೀರಿಸುತ್ತದೆ ಎಂದರೆ ವಿಚಿತ್ರವಾಗಿ ತೋರಬಹುದು. ಲೆಕ್ಕ ಮಾತ್ರ ಹಾಗೆಯೇ ಇದೆ. ಪಿಸ್ಟನ್ಸ್‌ನ ಐವರು ಹೂಡಿದ ತಂತ್ರವೆಲ್ಲ ಮೈಕನ್‌ನನ್ನು ಕಟ್ಟಿಹಾಕಲೆಂದೇ. ಅಂಕಪಟ್ಟಿಯನ್ನು ನೋಡಿದರೆ, ಕಟ್ಟುಬಿದ್ದವರು ಅವನ ಸಂಗಡಿಗರು.

ಹಾಳೆ ಹೇಳದ ಸಂಗತಿಗಳೂ ಉಂಟು. ಆ ದಿನಗಳ ಅಂಕಪಟ್ಟಿಯಲ್ಲಿ ಕಲಮುಗಳು ಕೆಲವೇ. ಗುರಿತಪ್ಪಿ ಪುಟಿದ ಚೆಂಡನ್ನು ಹಿಡಿಯುವ ರೀಬೌಂಡಿನ ಲೆಕ್ಕ ಲೀಗಿನಲ್ಲಿ ಶುರುವಾದದ್ದೇ ಆ 1950–51ರ ಋತುವಿನಲ್ಲಿ. ಆಟಗಾರನೊಬ್ಬ ಎಷ್ಟು ನಿಮಿಷ ಆಡಿದನೆಂಬ ಲೆಕ್ಕ ಬಂದದ್ದು ಮರುವರ್ಷ. ಎದುರಾಳಿಯ ಎಸೆತವನ್ನು ಗಾಳಿಯಲ್ಲೇ ತಡೆದದ್ದು, ಅವನ ಕೈಯಿಂದ ಚೆಂಡು ಕಸಿದದ್ದು, ಇವುಗಳನ್ನು ಎಣಿಸತೊಡಗಿದ್ದು 1973–74ರಿಂದ. ಮೈಕನ್ ತನ್ನ ಉದ್ದ ತೋಳುಗಳಿಂದ ಎಷ್ಟು ಎಸೆತಗಳನ್ನು ತಡೆದಿದ್ದನೋ, ಆ ಎಣಿಕೆ ಕಾಲಗರ್ಭದಲ್ಲಿ ಸೇರಿಹೋಯಿತು. ಎಲ್ಲಕ್ಕಿಂತ ಮಿಗಿಲಾಗಿ, ಚೆಂಡನ್ನು ಹಿಡಿದು ಸುಮ್ಮನೆ ನಿಂತವರು ಎಷ್ಟು ಹೊತ್ತು ನಿಂತರು ಎಂಬುದಕ್ಕೆ ಕಲಮೇ ಇರಲಿಲ್ಲ. ಆ ಪಂದ್ಯದಲ್ಲಿ ನಡೆದ ಮುಖ್ಯ ಕ್ರಿಯೆ ಅದೇ. ಪುಸ್ತಕದಲ್ಲಿ ಅದಕ್ಕೆ ಎಡೆಯಿಲ್ಲ.

ಮೆಂಡೆನ್‌ಹಾಲ್ ಮಾಡಿದ್ದು ತಪ್ಪೇ? ನಿಯಮಪುಸ್ತಕದ ಯಾವ ಅಕ್ಷರವನ್ನೂ ಅವನು ಮುರಿಯಲಿಲ್ಲ. ಬಲಿಷ್ಠನನ್ನು ಎದುರಿಸುವ ದುರ್ಬಲ ತನ್ನ ಬುದ್ಧಿಯನ್ನು ಬಳಸಿದರೆ ಅದನ್ನು ಕುಟಿಲತೆ ಎನ್ನುವುದು ಅಷ್ಟು ನ್ಯಾಯವಲ್ಲ. ಆದರೆ ದುಡ್ಡು ಕೊಟ್ಟು ಟಿಕೇಟು ಕೊಂಡ ಏಳು ಸಾವಿರ ಜನರ ಮಾತೇನು? ಅವರು ಆಟ ನೋಡಲು ಬಂದಿದ್ದರು. ಈ ಪ್ರಶ್ನೆ ಲೀಗಿನ ಪಾಲಿಗೆ ಬರಿಯ ನೀತಿಯ ಪ್ರಶ್ನೆಯಾಗಿರಲಿಲ್ಲ, ಬದುಕಿನ ಪ್ರಶ್ನೆಯೂ ಆಗಿತ್ತು. 1949–50ರಲ್ಲಿ 17 ತಂಡಗಳಿದ್ದ ಲೀಗು 1953–54ರ ವೇಳೆಗೆ 9 ತಂಡಗಳಿಗೆ ಇಳಿದಿತ್ತು. ಪ್ರೇಕ್ಷಕರು ಮನೆಯಲ್ಲೇ ಉಳಿದರೆ ಆಟಗಾರನಿಗೆ ಸಂಬಳವೆಲ್ಲಿಯದು?

ಪಂದ್ಯದ ಬಳಿಕ ಲೀಗಿನ ಅಧ್ಯಕ್ಷ ಮಾರಿಸ್ ಪೊಡೊಲಾಫ್ ಇಂಥದು ಮರುಕಳಿಸಕೂಡದೆಂದು ಸಂಬಂಧಪಟ್ಟವರಿಗೆ ತಿಳಿಯಹೇಳಿದ. ಬುದ್ಧಿವಾದದಿಂದ ರೋಗ ವಾಸಿಯಾಗಲಿಲ್ಲ. ಎರಡು ತಿಂಗಳೂ ಕಳೆಯುವ ಮುನ್ನ, 1951ರ ಜನವರಿ 6ರಂದು, ಇಂಡಿಯಾನಾಪೊಲಿಸ್ ಮತ್ತು ರಾಚೆಸ್ಟರ್ ತಂಡಗಳು ಸಮಸಮವಾಗಿ ನಿಂತು ಆರು ಹೆಚ್ಚುವರಿ ಅವಧಿಗಳನ್ನು ಆಡಬೇಕಾಯಿತು. ಕೊನೆಯ ಎಸೆತ ತಮ್ಮದಾಗಲೆಂದು ಚೆಂಡನ್ನು ಹಿಡಿದಿಟ್ಟು ಕಾಯುವುದೇ ಅಲ್ಲಿಯೂ ನಡೆದದ್ದು. ಅಷ್ಟು ಹೊತ್ತು ಆಡಿಯೂ ಮೊತ್ತ 75–73. ಅದೇ ವರ್ಷ ಬುಟ್ಟಿಯ ಮುಂದಿನ ಪಟ್ಟಿಯ ಅಗಲವನ್ನು 6 ಅಡಿಯಿಂದ 12 ಅಡಿಗೆ ಹಿಗ್ಗಿಸಿದರು. ಚೆಂಡು ತಮ್ಮದಾಗಿರುವಾಗ ಆ ಪಟ್ಟಿಯೊಳಗೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲವಾದ್ದರಿಂದ, ಮೈಕನ್ ಬುಟ್ಟಿಯಿಂದ ದೂರ ಸರಿಯಲೇಬೇಕಾಯಿತು. ಒಬ್ಬ ಮನುಷ್ಯನಿಗಾಗಿ ಅಂಗಳದ ಗೆರೆಗಳನ್ನೇ ಅಳಿಸಿ ಬರೆದಂತಾಯಿತು. ಆದರೂ ಚೆಂಡು ಹಿಡಿದು ನಿಲ್ಲುವ ಚಾಳಿ ಹಾಗೆಯೇ ಉಳಿಯಿತು.

ಮುಂದಿರುವ ತಂಡ ಚೆಂಡನ್ನು ಬಚ್ಚಿಟ್ಟುಕೊಳ್ಳುವುದು. ಹಿಂದಿರುವ ತಂಡ ಬೇರೆ ದಾರಿ ಕಾಣದೆ ಫೌಲ್ ಮಾಡುವುದು. ಫ್ರೀ ಥ್ರೋ ಎಸೆದಾದ ಮೇಲೆ ಮತ್ತೆ ಅದೇ ಕಥೆ. ಒಬ್ಬ ಚಾಪೆಯ ಕೆಳಗೆ ತೂರಿದರೆ ಇನ್ನೊಬ್ಬ ರಂಗೋಲಿಯ ಕೆಳಗೆ ತೂರುತ್ತಿದ್ದ. 1953ರ ಮಾರ್ಚ್ 21ರಂದು ಬಾಸ್ಟನ್ ಮತ್ತು ಸಿರಾಕ್ಯೂಸ್ ತಂಡಗಳ ನಡುವೆ ನಾಲ್ಕು ಹೆಚ್ಚುವರಿ ಅವಧಿಗಳವರೆಗೆ ಬೆಳೆದ ಪಂದ್ಯದ ಅಂಕಪಟ್ಟಿಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಬಾಸ್ಟನ್‌ನ ಬಾಬ್ ಕೂಸಿ ಅಂದು 50 ಅಂಕ ಗಳಿಸಿದ. ಅವುಗಳಲ್ಲಿ 30 ಫ್ರೀ ಥ್ರೋಗಳವು. ಎಸೆದ 32ರಲ್ಲಿ ಗುರಿತಪ್ಪಿದ್ದು ಎರಡು ಮಾತ್ರ. ಕೂಸಿಯ ಕೈಚಳಕಕ್ಕೆ ತಲೆದೂಗಲೇಬೇಕು. ಆದರೆ ಎಲ್ಲರೂ ನಿಂತು ನೋಡುತ್ತಿರುವಾಗ ಒಬ್ಬನೇ ಎಸೆಯುವುದು ಎಷ್ಟು ಹೊತ್ತು ಸೊಗಸೀತು? ಬಾಸ್ಟನ್ 111–105ರಿಂದ ಗೆದ್ದಿತು.

ಸೋತ ಸಿರಾಕ್ಯೂಸ್ ತಂಡದ ಒಡೆಯ ಡ್ಯಾನಿ ಬಿಯಸೋನ್. ಇಟಲಿಯಲ್ಲಿ ಹುಟ್ಟಿ ಬಾಲ್ಯದಲ್ಲೇ ಅಮೆರಿಕಕ್ಕೆ ಬಂದವನು. ಬೌಲಿಂಗ್ ಆಟದ ಅಂಕಣವೊಂದನ್ನು ನಡೆಸಿ ಜೀವನ ಮಾಡುತ್ತಿದ್ದವನು. ಚೆಂಡು ಕೈಗೆ ಬಂದ ಇಂತಿಷ್ಟು ಹೊತ್ತಿನೊಳಗೆ ಎಸೆಯಲೇಬೇಕು, ತಪ್ಪಿದರೆ ಚೆಂಡು ಎದುರಾಳಿಗೆ ಸೇರಬೇಕು ಎಂದು ಅವನು ಪಟ್ಟುಹಿಡಿದ. ಆ ಹೊತ್ತು ಎಷ್ಟು? ಇದಕ್ಕೆ ಉತ್ತರ ಹುಡುಕಲು ಬಿಯಸೋನ್ ಹಾಗೂ ಅವನ ತಂಡದ ವ್ಯವಸ್ಥಾಪಕ ಲಿಯೊ ಫೆರಿಸ್ ಹಳೆಯ ಅಂಕಪಟ್ಟಿಗಳ ಮೊರೆಹೊಕ್ಕರು. ಜನ ಮೆಚ್ಚಿದ, ಲವಲವಿಕೆಯ ಪಂದ್ಯಗಳಲ್ಲಿ ಪ್ರತಿ ತಂಡವೂ ಸುಮಾರು 60 ಸಲ ಎಸೆದಿರುವುದು ಕಂಡುಬಂದಿತು. ಎರಡೂ ತಂಡಗಳಿಂದ 120 ಎಸೆತ. ಪಂದ್ಯದ 48 ನಿಮಿಷಗಳೆಂದರೆ 2,880 ಸೆಕೆಂಡು. ಅದನ್ನು 120ರಿಂದ ಭಾಗಿಸಿದರೆ 24. ಮಾಧ್ಯಮಿಕ ಶಾಲೆಯ ಹುಡುಗನೂ ಮಾಡಬಲ್ಲ ಲೆಕ್ಕ. ಯಾವ ಹಾಳೆಗಳು ಆಟದ ರೋಗವನ್ನು ಬರೆದಿಟ್ಟಿದ್ದವೋ ಅವುಗಳಲ್ಲೇ ಮದ್ದೂ ಅಡಗಿತ್ತು. ಭಾಗಿಸಿ ನೋಡುವವರು ಬೇಕಾಗಿತ್ತು, ಅಷ್ಟೆ.

ಇದೇ ಅಳತೆಗೋಲಿನಿಂದ ಮಿನಿಯಾಪೊಲಿಸ್ಸಿನ ಹಾಳೆಯನ್ನು ಅಳೆದರೆ ಅದರ ಬಡತನ ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿ ಎರಡೂ ತಂಡಗಳ ಎಸೆತ ಸೇರಿ 31. ಅಂದರೆ ಬುಟ್ಟಿಯತ್ತ ಚೆಂಡು ಹಾರಿದ್ದು ಸರಾಸರಿ ಒಂದೂವರೆ ನಿಮಿಷಕ್ಕೊಮ್ಮೆ.

1954ರಲ್ಲಿ ಸಿರಾಕ್ಯೂಸಿನ ಶಾಲೆಯೊಂದರ ಅಂಗಳದಲ್ಲಿ ಹೊಸ ಗಡಿಯಾರದ ಪ್ರಯೋಗ ನಡೆಯಿತು. ಲೀಗಿನವರು ಒಪ್ಪಿದರು. ಆ ವರ್ಷ ಅಕ್ಟೋಬರ್ 30ರಂದು ರಾಚೆಸ್ಟರ್ ಮತ್ತು ಬಾಸ್ಟನ್ ತಂಡಗಳು 24 ಸೆಕೆಂಡುಗಳ ನಿಯಮದಡಿಯಲ್ಲಿ ಮೊದಲ ಪಂದ್ಯವನ್ನಾಡಿದವು. ರಾಚೆಸ್ಟರ್ 98–95ರಿಂದ ಗೆದ್ದಿತು. ಹಿಂದಿನ ವರ್ಷ ಪಂದ್ಯವೊಂದರಲ್ಲಿ ತಂಡದ ಸರಾಸರಿ 79.5 ಅಂಕವಿದ್ದುದು ಒಂದೇ ಋತುವಿನಲ್ಲಿ 93.1ಕ್ಕೆ ಏರಿತು. ಓಡಬಲ್ಲವರ ಕಾಲ ಬಂದಿತು. ಮೈಕನ್ ಆ ಋತುವಿಗೆ ಮುಂಚೆಯೇ ಆಟದಿಂದ ನಿವೃತ್ತನಾಗಿದ್ದ. 1956ರಲ್ಲಿ ಮರಳಿ ಬಂದು 37 ಪಂದ್ಯಗಳನ್ನಾಡಿದನಾದರೂ ಸರಾಸರಿ 10.5 ಅಂಕಕ್ಕೇ ನಿಂತಿತು. ಬೃಹತ್ಕಾಯದ ಆ ವೀರನಿಗೆ ಹೊಸ ಗಡಿಯಾರದ ಹೆಜ್ಜೆ ಒಗ್ಗಲಿಲ್ಲ.

ಗಡಿಯಾರ ಬಂದ ಮೊದಲ ಋತುವಿನ ಅಂತಿಮ ಸರಣಿಗೆ ಏರಿದ ತಂಡಗಳು ಎರಡು: ಒಂದು, ಬಿಯಸೋನನ ಸಿರಾಕ್ಯೂಸ್, ಇನ್ನೊಂದು, ಫೋರ್ಟ್ ವೇನ್ ಪಿಸ್ಟನ್ಸ್. ಲ್ಯಾರಿ ಫೌಸ್ಟ್ ಆಗಲೂ ಪಿಸ್ಟನ್ಸ್ ತಂಡದಲ್ಲೇ ಇದ್ದ. ಆರು ಪಂದ್ಯಗಳಲ್ಲಿ ತಲಾ ಮೂರನ್ನು ಗೆದ್ದು ಸಮವಾಗಿದ್ದ ಎರಡು ತಂಡಗಳೂ 1955ರ ಏಪ್ರಿಲ್ 10ರಂದು ಏಳನೆಯ ಪಂದ್ಯಕ್ಕೆ ಇಳಿದವು. ಎರಡನೆಯ ಅವಧಿಯಲ್ಲಿ ಪಿಸ್ಟನ್ಸ್ 17 ಅಂಕಗಳಷ್ಟು ಮುಂದೆ ಹೋಯಿತು. ಹಳೆಯ ಕಾಲವಾಗಿದ್ದರೆ ಚೆಂಡನ್ನು ಕೈಯಲ್ಲಿ ಹಿಡಿದು ನಿಂತುಬಿಡಬಹುದಾಗಿತ್ತು. ಆ ವಿದ್ಯೆಯಲ್ಲಿ ಅವರನ್ನು ಮೀರಿಸುವವರಾದರೂ ಯಾರಿದ್ದರು? ಆದರೆ ಈಗ 24 ಸೆಕೆಂಡುಗಳಿಗೊಮ್ಮೆ ಎಸೆಯಲೇಬೇಕು. ಎಸೆದರು, ಕೆಲವು ಬಿದ್ದವು, ಕೆಲವು ಬೀಳಲಿಲ್ಲ. ಸಿರಾಕ್ಯೂಸ್ ಒಂದೊಂದೇ ಅಂಕ ಕೂಡಿಸುತ್ತ ಬೆನ್ನಟ್ಟಿ ಬಂದಿತು. ಕೊನೆಯ ಕ್ಷಣಗಳಲ್ಲಿ ಆ ತಂಡದ ಜಾರ್ಜ್ ಕಿಂಗ್ ಒಂದು ಫ್ರೀ ಥ್ರೋ ಹಾಕಿದ. ಮರುಗಳಿಗೆಯಲ್ಲೇ ಪಿಸ್ಟನ್ಸ್ ಆಟಗಾರನ ಕೈಯಿಂದ ಚೆಂಡನ್ನು ಕಸಿದುಕೊಂಡ. ಆ ದಿನದ ಹಾಳೆಯಲ್ಲಿ ಸಿರಾಕ್ಯೂಸಿನ ಮುಂದೆ 92 ಎಂದು ಬರೆದಿದೆ, ಫೋರ್ಟ್ ವೇನ್ ಮುಂದೆ 91. ಕಿಂಗ್ ಕಸಿದ ಚೆಂಡಿನ ಲೆಕ್ಕ ಅದರಲ್ಲಿಲ್ಲ. ಆ ಕಲಮು ಪುಸ್ತಕಕ್ಕೆ ಬರಲು ಇನ್ನೂ ಹದಿನೆಂಟು ವರ್ಷಗಳಿದ್ದವು.